ಆರ್ಲನ್ ಕೊಯ್ದ ತೊಲೆ

ಗುಡ್ಡದ ಮೇಲಿರುವ ನಮ್ಮ ಬಿಳಿ ಚರ್ಚಿನಲ್ಲಿ ಬಾಗಿಲು ತೆಗೆಯುವವನು, ಒಲೆ ಹೊತ್ತಿಸುವವನು, ಗಂಟೆ ಬಾರಿಸುವವನು ಎಲ್ಲ ಆರ್ಲನ್ ಟಟಲ್ ಒಬ್ಬನೇ. ಕಸುಬಿನಲ್ಲಿ ಬಡಗಿ, ಮಾತು ಕಡಿಮೆ. ಪ್ರಾರ್ಥನೆಗೆ ಅವನೂ ಹೆಂಡತಿ ವೆಲ್ಮಾಳೂ ಕೂರುತ್ತಿದ್ದುದು ಕಟ್ಟಕಡೆಯ ಬೆಂಚಿನಲ್ಲಿ, ಸರಿಯಾಗಿ ಗಂಟೆ ಗೋಪುರದ ಕೆಳಗೆ. ವಿನಯವಂತ ಎಂದುಕೊಂಡಿದ್ದೆವು.

ಒಂದು ವರ್ಷ ಹಿಮ ಕರಗಿದ ಮೇಲೆ ನೋಡಿದರೆ ಗೋಪುರ ವಾಲಿತ್ತು. ಹಳೆಯ ಮರದ ಕಟ್ಟಡಗಳನ್ನು ರಿಪೇರಿ ಮಾಡುವ ಇಂಗ್ರಿಡ್ ಸೋಲ್ಬರ್ಗ್ ಎಂಬ ಹೆಂಗಸನ್ನು ಕರೆಸಿದೆವು. ಭಾನುವಾರ ಪ್ರಾರ್ಥನೆ ಮುಗಿದು ಎಲ್ಲರೂ ಕಾಫಿ ಕುಡಿಯುತ್ತಿದ್ದಾಗ ಅವಳು ನೇರವಾಗಿ ಹೇಳಿದಳು: "ಒಳಗೆ ಏನೋ ಕೈಕೊಟ್ಟಿದೆ. ಜಾಸ್ತಿ ಹಾಳಾಗಿದ್ರೆ ಗೋಪುರಾನೇ ಇಳಿಸ್ಬೇಕಾಗತ್ತೆ."

ಆರ್ಲನ್ ಲೋಟ ಕೆಳಗಿಟ್ಟು ಎದ್ದು ನಿಂತ.

"ಹುಡುಕೋದೇನೂ ಬೇಡ. ಅದು ನಾನು ಮಾಡಿದ್ದು."

ಇಪ್ಪತ್ತೇಳನೆಯ ವಯಸ್ಸಿನಲ್ಲಿ ಅವನು ಗೋಪುರದೊಳಗೆ ಗಂಟೆಯವರೆಗೆ ಹೊಸ ಏಣಿ ಕೂರಿಸಿದ್ದ. ಅಡ್ಡಕ್ಕೊಂದು ತೊಲೆ ಬಂತು. ಹಿಂದೆಮುಂದೆ ನೋಡದೆ ಗರಗಸ ಹಾಕಿದ. ತೊಲೆ ಎರಡು ತುಂಡಾದ ಮೇಲೆ, ಗೋಪುರದ ಭಾರ ಹೊತ್ತಿದ್ದುದು ಅದೇ ಇರಬೇಕೆಂದು ಹೊಳೆಯಿತು. ಎರಡು ಹಲಗೆ ಹೊಡೆದು ಮುಚ್ಚಿಬಿಟ್ಟ. ಅಂದಿನಿಂದ ಗಾಳಿ ಜೋರಾಗಿ ಬೀಸಿದಾಗಲೆಲ್ಲ ಅವನ ಕಣ್ಣು ಗುಡ್ಡದ ಕಡೆಗೇ.

"ಅದಕ್ಕೇ ನಾನು ಹಿಂದೆ ಕೂರೋದು," ಅಂದ. "ಬಿದ್ರೆ ಮೊದ್ಲು ನನ್ನ ಮೇಲೇ ಬೀಳ್ಲಿ ಅಂತ."

ವೆಲ್ಮಾ ಅವನನ್ನೇ ನೋಡಿದಳು. "ನಲವತ್ತೊಂದು ವರ್ಷ ನನ್ನನ್ನೂ ಪಕ್ಕದಲ್ಲೇ ಕೂರಿಸ್ಕೊಂಡಿದ್ಯಲ್ಲಪ್ಪಾ."

ಒಬ್ಬರು ನಕ್ಕರು, ಆಮೇಲೆ ಎಲ್ಲರೂ ನಕ್ಕರು. ಆರ್ಲನ್ ಮಾತ್ರ ನಗಲಿಲ್ಲ.

ಮರುದಿನ ಬೆಳಿಗ್ಗೆ ಇಂಗ್ರಿಡ್ ಅವನನ್ನು ಗೋಪುರದೊಳಕ್ಕೆ ಕರೆದೊಯ್ದಳು. ನಾನೂ ಹಿಂದೆಯೇ ಹತ್ತಿದೆ. ಅವಳು ಹಲಗೆ ಕಿತ್ತು ತೊಲೆಯ ಎರಡು ತುದಿಗಳನ್ನೂ ಬೆರಳಿನಿಂದ ತಡವಿದಳು. ಆರ್ಲನ್ ಟೋಪಿ ಹಿಂಡುತ್ತ ನಿಂತಿದ್ದ.

"ಟಟಲ್, ಇದು ಯಾವ ಭಾರಾನೂ ಹೊತ್ತಿಲ್ಲ," ಅಂದಳು. "ಗೋಪುರ ಕಟ್ಟೋವಾಗ ಕೆಲಸದವರು ನಿಂತ್ಕೊಳ್ಳೋಕೆ ಸಿಕ್ಕಿಸಿದ ಅಟ್ಟಣೆ ಮರ ಇದು. ಆಮೇಲೆ ತೆಗೆಯೋಕೆ ಸೋಮಾರಿತನ ಮಾಡಿದಾರೆ."

"ಇನ್ನೊಂದ್ ಸಲ ಹೇಳಮ್ಮ."

ಅವಳು ಮತ್ತೊಮ್ಮೆ ಹೇಳಿದಳು. ಆಮೇಲೆ ಮೂಲೆಯ ಕಂಬದ ಬುಡಕ್ಕೆ ಉಳಿ ಚುಚ್ಚಿದಳು. ಉಳಿ ಹಿಡಿಯವರೆಗೂ ಇಳಿಯಿತು. ಮಾಡಿನ ಸಂದಿಯಿಂದ ಎಷ್ಟೋ ಕಾಲದಿಂದ ನೀರು ಇಳಿದು ಬುಡ ಕೊಳೆತಿತ್ತು. ವಾಲಿದ್ದಕ್ಕೆ ಅದೇ ಕಾರಣ. ಉಳಿದ ಮರವೆಲ್ಲ ಗಟ್ಟಿ. ಗೋಪುರ ಇಳಿಸಬೇಕಿಲ್ಲ, ಆ ಬುಡ ಬದಲಿಸಿದರೆ ಸಾಕು.

ಆರ್ಲನ್ ಏಣಿಯ ಮೆಟ್ಟಿಲ ಮೇಲೆ ಕುಳಿತ. ಅಳುತ್ತಿದ್ದಾನೋ ನಗುತ್ತಿದ್ದಾನೋ ತಿಳಿಯಲಿಲ್ಲ. "ಎಂಥಾ ಪೆದ್ದ ನಾನು," ಎಂದಷ್ಟೇ ಕೇಳಿಸಿತು.

ಓಕ್ ಮರದ ಹೊಸ ಬುಡವನ್ನು ಅವನೇ ಕೆತ್ತಿದ. ಇಂಗ್ರಿಡ್ ಎರಡು ಸಲ ಅಳತೆ ನೋಡಿ, ತಪ್ಪು ಸಿಗದೆ ಸುಮ್ಮನಾದಳು. ಬೇಸಿಗೆ ಮುಗಿಯುವುದರೊಳಗೆ ಜ್ಯಾಕಿನಿಂದ ಕೂದಲೆಳೆಯಷ್ಟಷ್ಟೇ ಎತ್ತುತ್ತ ಗೋಪುರವನ್ನು ನೆಟ್ಟಗೆ ನಿಲ್ಲಿಸಿದರು.

ಮುಂದಿನ ಭಾನುವಾರ ಗಾಳಿ ಜೋರಿತ್ತು. ನಲವತ್ತೊಂದು ವರ್ಷದಲ್ಲಿ ಮೊದಲ ಸಲ ಗಂಟೆ ಬಾರಿಸಿದ್ದು ವೆಲ್ಮಾ. ಪಾದ್ರಿ ಗಾಬರಿಯಾಗಿ, "ಆರ್ಲನ್‌ಗೆ ಮೈ ಸರಿ ಇಲ್ವಾ?" ಎಂದು ಕೇಳಿದರು.

"ಚೆನ್ನಾಗೇ ಇದಾನೆ," ಅಂದಳು ವೆಲ್ಮಾ. "ಮೀನು ಹಿಡಿಯೋಕೆ ಹೋಗಿದಾನೆ."