ಇಬ್ಬರ ನಂಬರ್

ತಪ್ಪು ನನ್ನದೇ. ನಮ್ಮ ಹೂಡಿ ಬಡಾವಣೆಯ ಮಸಾಜಿನವನ ಕೈಯಲ್ಲಿ ನನ್ನ ಕುತ್ತಿಗೆ ಇದ್ದಾಗ ನಮ್ಮ ಮನೆ ಓನರ್ ಗೌಡರ ನಂಬರ್ ಕೊಟ್ಟುಬಿಟ್ಟೆ. ಗಿರಾಕಿ ಬೋರಲು ಮಲಗಿ, ಎದ್ದು ಓಡಲಾಗದ ಸ್ಥಿತಿಗೆ ಬಂದ ಮೇಲೆಯೇ ಅವನು ತನ್ನ ಜೇನಿನಂಥ ದನಿ ತೆಗೆಯುತ್ತಿದ್ದ: “ನಿಮ್ಮಂಥೋರು ಇನ್ನಿಬ್ರ ನಂಬರ್ ಕೊಡಿ ಸಾರ್.” ಪಕ್ಕದ ಜಿಮ್ಮಿನ ಕೋಚು ಬಂದವರ ಭುಜ ಉಳುಕಿಸಿ ಇವನಲ್ಲಿಗೆ ಕಳಿಸುತ್ತಿದ್ದ; ಇವನು ಉಜ್ಜಿ ಮತ್ತೆ ಜಿಮ್ಮಿಗೇ ಕಳಿಸುತ್ತಿದ್ದ. ನಾನು ಆಫೀಸಿನಲ್ಲಿ ಆ ದನಿಯನ್ನು ಅಣಕಿಸಿದ್ದೂ ಅವನಿಗೆ ಮೂವರು ಗಿರಾಕಿಗಳನ್ನು ತಂದುಕೊಟ್ಟಿತು.

ಗೌಡರಿಗೆ ಮೊದಲಿಂದಲೂ ಭುಜ ಹಿಡಿದುಕೊಂಡು, ಬಲಗೈ ಎತ್ತಿ ಅಂಗಿ ತೊಡಲೂ ಆಗುತ್ತಿರಲಿಲ್ಲ. ನಾನೇ ಬೈಕಿನಲ್ಲಿ ಅವನಲ್ಲಿಗೆ ಕರೆದೊಯ್ಯುತ್ತಿದ್ದೆ. ನಾಲ್ಕನೇ ಸಲ ಉಜ್ಜಿಸಿಕೊಂಡರೂ ಕೈ ಮೇಲೇಳಲಿಲ್ಲ. ಅವನು ಮಾತ್ರ, “ಗೌಡ್ರೇ, ನಿಮ್ ನೆಂಟ್ರಲ್ಲಿ ಇಬ್ರ ನಂಬರ್ ಕೊಡಿ” ಎಂದ.

ಗೌಡರು ಮಲಗಿದ್ದಲ್ಲಿಂದಲೇ ಹೇಳಿದರು: “ಮೊದ್ಲು ಈ ಕೈ ಮ್ಯಾಕೆ ಎತ್ತಂಗೆ ಮಾಡಪ್ಪ. ಆಮ್ಯಾಕೆ ಊರ್ನೋರ್ನೆಲ್ಲ ನಾನೇ ಕೈ ಬೀಸಿ ಕರೀತೀನಿ.”