ಟಗರು ಗುದ್ದಿರಲಿಲ್ಲ

ಮಗನ ಮೋಟರ್‌ಸೈಕಲ್ಲಿನ ಗೇರಿನ ಹಿಂದಿನ ತುದಿಯನ್ನು ಕೊಯ್ಸಿದವಳು ನಾನೇ. ಟಗರು ಗುದ್ದಿತು, ಗಾಡಿ ಬಿತ್ತು, ಬಿದ್ದು ಮುರಿಯಿತು ಎಂದು ಮನೆಯಲ್ಲಿ ಹೇಳಿದೆನಲ್ಲ — ಅದು ಸುಳ್ಳು. ಟಗರು ಆವತ್ತು ಹಿತ್ತಲ ಗೂಟದಲ್ಲಿ ತನ್ನ ಪಾಡಿಗೆ ಹುರುಳಿ ಹೊಟ್ಟು ತಿನ್ನುತ್ತಿತ್ತು.

ಇದನ್ನು ಸೊಸೆ ರತ್ನಳಿಗೆ ಹೇಳಬೇಕು. ಇಷ್ಟು ವರ್ಷ ಹೇಳಿಲ್ಲ. ಅವಳು ಬರೀ ಸೊಸೆಯಲ್ಲ, ಬಾಗೂರಿನಲ್ಲಿರುವ ನನ್ನ ಒಡಹುಟ್ಟಿದ ತಮ್ಮನ ಮಗಳು. ಅವಳು ಹುಟ್ಟಿದಾಗ ಹೊಕ್ಕಳ ಬಳ್ಳಿ ಕೊಯ್ದ ಕೈ ನನ್ನದು. ಆಮೇಲೆ ಇದನ್ನೂ ಮಾಡಿಸಿದ್ದು — ಇರಲಿ, ಮೊದಲಿಂದ ಹೇಳುತ್ತೇನೆ.

ನಮ್ಮದು ಶ್ರೀರಾಂಪುರದ ಹತ್ತಿರದ ಹಟ್ಟಿ. ಕುರಿ ಸಾಕುವವರು. ಮೇವು ಒಣಗಿತು ಎಂದರೆ ಮಗ ತಿಪ್ಪೇಶ ಕುರಿ ಹೊಡೆದುಕೊಂಡು ಹೊಳಲ್ಕೆರೆ ದಾಟಿ ಗದ್ದೆ ಸೀಮೆಯ ಕಡೆ ಹೊರಡುತ್ತಿದ್ದ, ತಿಂಗಳುಗಟ್ಟಲೆ ಬರುತ್ತಿರಲಿಲ್ಲ. ಅವನ ಮೋಟರ್‌ಸೈಕಲ್ಲು ಗೋಣಿ ಹೊದ್ದುಕೊಂಡು ಮನೆ ಮುಂದೆ ನಿಂತಿರುತ್ತಿತ್ತು. ರತ್ನ ರವಿಕೆ ಹೊಲಿಯುವವಳು. ಬಟ್ಟೆ ತರಲು, ಹೊಲಿದದ್ದು ಕೊಡಲು ಶ್ರೀರಾಂಪುರಕ್ಕೆ ಹೋಗಬೇಕು, ಬಸ್ಸು ಅದು ಬಂದಾಗ ಬಂತು. ಒಂದು ದಿನ ಗೋಣಿ ಕಿತ್ತೆಸೆದು ಗಾಡಿಯನ್ನು ಕಣಕ್ಕೆ ತಳ್ಳಿಕೊಂಡು ಹೋದಳು. ಬಿದ್ದಳು, ಎದ್ದಳು, ಕಲಿತಳು.

ಆ ಗಾಡಿಯ ಗೇರಿಗೆ ಎಡಗಾಲಿನ ಹತ್ತಿರ ಹಿಂದೊಂದು ಮುಂದೊಂದು ಎರಡು ತುದಿ. ಮುಂದಿನದನ್ನು ಬೆರಳಿನಿಂದ ಒತ್ತಿದರೆ ಗೇರು ಏರುತ್ತದೆ, ಹಿಂದಿನದನ್ನು ಹಿಮ್ಮಡಿಯಿಂದ ತುಳಿದರೆ ಇಳಿಯುತ್ತದೆ. ಗೊತ್ತಿಲ್ಲದೆ ಮಾಡಿದೆ ಎಂದು ಹೇಳಿಕೊಳ್ಳಲು ನನಗೆ ದಾರಿಯಿಲ್ಲ. ಅವಳು ಕಲಿಯುವಾಗ ಕಣದ ಅಂಚಿನಲ್ಲಿ ನಿಂತು ಎಲ್ಲ ನೋಡಿದ್ದೇನೆ. ಹಿಮ್ಮಡಿಯಿಂದ ಟಕ್ ಅನ್ನಿಸಿ ನನ್ನ ಕಡೆ ತಿರುಗಿ ನಕ್ಕಳು.

"ಹಿಂದೆ ಕುಂತ್ಕ ಬಾರತ್ತೆ, ಸಂತೆಗೆ ಹೋಗಾಣ."

"ನನ್ ಕಾಲಿನ್ನೂ ಬಿದ್ದೋಗಿಲ್ಲ ಕಣೆ," ಅಂದೆ.

ಹಟ್ಟಿಯಲ್ಲಿ ಯಾರಿಗೆ ಹೆರಿಗೆ ನೋವು ಬಂದರೂ ಮೊದಲು ನನ್ನನ್ನು ಕರೆಯುತ್ತಿದ್ದರು. ಅವಳು ಗಾಡಿ ಕಲಿತ ಮೇಲೆ ಅವಳನ್ನು ಕರೆಯತೊಡಗಿದರು. ನೋವು ಬಂದವಳನ್ನು ಹಿಂದೆ ಕೂರಿಸಿಕೊಂಡು ಆಸ್ಪತ್ರೆಗೆ ಮುಟ್ಟಿಸಿ, ಏನೂ ಆಗದವಳ ಹಾಗೆ ಬಂದು ರೊಟ್ಟಿ ತಟ್ಟಲು ಕೂರುತ್ತಿದ್ದಳು. ಒಳ್ಳೆಯದೇ ಆಯಿತು, ಜೀವ ಉಳಿದವು. ಆದರೆ ನನ್ನ ಹೊಟ್ಟೆ ಉರಿಯಿತು. ಸಾಲದ್ದಕ್ಕೆ ಟೀ ಅಂಗಡಿ ಕಟ್ಟೆಯ ಗಂಡಸರು ಬೇರೆ — "ಏನವ್ವ, ಸೊಸೆ ಟಾಪ್ ಗೇರ್‌ನಾಗೆ ಓಡ್ತಾಳೆ, ನೀನು ನ್ಯೂಟ್ರಲ್ಲಾ?" ಎಂದು ಕೇಳಿ ನಕ್ಕರು. ನಾನೂ ಬೈದು ನಕ್ಕೆ.

ರತ್ನ ತವರಿಗೆ ಹೋಗಿದ್ದಾಗ ಗ್ಯಾರೇಜಿನ ಬಾಷಾ ಯಾರದೋ ಪಂಪು ನೋಡಲು ಹಟ್ಟಿಗೆ ಬಂದಿದ್ದ. ಕರೆದೆ. ಹಿಂದಿನ ತುದಿ ಕೊಯ್ದುಬಿಡು ಅಂದೆ.

"ಯಾಕವ್ವ? ಚೆನ್ನಾಗೈತಲ್ಲ."

"ತಿಪ್ಪೇಶ ಫೋನ್ ಮಾಡಿದ್ದ. ಅವನ ಬೂಟಿಗೆ ತಗಲ್ತೈತಂತೆ."

"ಹುಡುಗ್ರು ತೆಗೆಸ್ತಾರೆ, ಅದು ಸರಿ. ರತ್ನಮ್ಮ ಓಡಿಸ್ತಾರಲ್ಲ? ಇದಿಲ್ದಿದ್ರೆ ಗೇರ್ ಇಳಿಸೋಕೆ ಬೆರಳು ಅಡೀಗೆ ತೂರಿಸಿ ಎತ್ತಬೇಕಾಗ್ತೈತೆ. ಕಾಲುಂಗುರಕ್ಕೆ ಹೊಡಿತೈತೆ ನೋಡ್ರಿ."

"ಅವಳಿನ್ನು ಓಡ್ಸಲ್ಲ. ನೀ ಕೊಯ್ಯಿ."

ಕಾಲುಂಗುರ ಎಂಬ ಮಾತು ಬಂದ ಮೇಲೆ ನನಗೆ ಇನ್ನೂ ಧೈರ್ಯ ಬಂತು. ಬೆರಳು ನೊಂದರೆ ತಾನೇ ಬಿಡುತ್ತಾಳೆ, ನಾನು ಬಾಯಿ ಬಿಡುವುದೇ ಬೇಡ — ಹೀಗೆ ಎಣಿಸಿದೆ. ಅವನು ಗರಗಸ ಆಡಿಸಿ ಹೋದ ಮೇಲೆ ಕೊಯ್ದ ಜಾಗ ಬೆಳ್ಳಗೆ ಮಿನುಗುತ್ತಿತ್ತು. ಮಣ್ಣು ಕಲಸಿ ಮೆತ್ತಿದೆ.

ರತ್ನ ಬಂದವಳೇ ಬಗ್ಗಿ ಅದರ ಮೇಲೆ ಬೆರಳಾಡಿಸಿದಳು. "ಮುರ್ದಂಗಿಲ್ಲ ಅತ್ತೆ, ಕೊಯ್ದಂಗೈತೆ."

"ಹಂಗಾದ್ರೆ ಟಗರಿನ್ ಹತ್ರ ಗರಗಸ ಐತೇನೋ, ಕೇಳು ಹೋಗು."

ಬಿದ್ದು ಬಿದ್ದು ನಕ್ಕಳು. ನಂಬಿದಳು. ಸುಳ್ಳು ಹೇಳುವವಳಲ್ಲ ಎಂದು ನನಗೆ ಹೆಸರಿತ್ತು, ಅದನ್ನೇ ಬಂಡವಾಳ ಮಾಡಿಕೊಂಡೆ. ಹೊಸದು ಹಾಕಿಸುತ್ತೇನೆ ಎಂದಳು. "ಅವನ ಗಾಡಿ, ಅವನೇ ಬಂದು ಹಾಕಿಸ್ಲಿ" ಎಂದು ಬಾಯಿ ಮುಚ್ಚಿಸಿದೆ.

ಆದರೆ ಅವಳು ಗಾಡಿ ಬಿಡಲಿಲ್ಲ. ಹವಾಯಿ ಚಪ್ಪಲಿಯಲ್ಲೇ, ಬೆರಳಿನಿಂದ ಎತ್ತಿ ಎತ್ತಿ ಓಡಿಸಿದಳು. ಆಗ ಶುರುವಾಯಿತು ನನ್ನ ಸಂಕಟ. ಹಟ್ಟಿಗೆ ಬರುವ ದಾರಿಯಲ್ಲಿ ಕೆರೆ ಏರಿ, ಏರಿಯ ತುದಿಯಲ್ಲಿ ಇಳಿಜಾರಿನ ತಿರುವು. ಅಲ್ಲಿ ಗೇರು ಇಳಿಯದೆ ಹೋದರೆ? ಬೆರಳು ಸಿಕ್ಕಿಕೊಂಡರೆ? ಹೊತ್ತು ಇಳಿಯಿತು ಎಂದರೆ ಕೈಯ ಕೆಲಸ ನಿಲ್ಲುತ್ತಿತ್ತು, ಕಿವಿ ಏರಿಯ ಕಡೆಗೆ. ದೂರದಲ್ಲಿ ಸದ್ದು ಬರುತ್ತಿತ್ತು, ತಿರುವಿನಲ್ಲಿ ತಟಕ್ಕನೆ ಸಣ್ಣಗಾಗುತ್ತಿತ್ತು, ಮತ್ತೆ ದೊಡ್ಡದಾದ ಮೇಲೆಯೇ ನನ್ನ ಕೈ ಕೆಲಸಕ್ಕೆ ಮರಳುತ್ತಿತ್ತು. ಅವಳು ಗಾಡಿ ಬಿಡಲಿ ಎಂದು ಕೊಯ್ಸಿದ್ದೇ ಹೊರತು ಬೀಳಲಿ ಎಂದಲ್ಲ. ಈ ಮಾತು ನನ್ನ ಬಾಯಿಗೆ ಚೆನ್ನಾಗಿ ಬರುತ್ತದೆ. ಬಿದ್ದಿದ್ದರೆ ಅವಳ ಮೈಗೆ ಈ ಎರಡರ ವ್ಯತ್ಯಾಸ ಗೊತ್ತಾಗುತ್ತಿತ್ತೇ?

ಆಗಲೂ ಹೇಳಬಹುದಿತ್ತು. ಒಲೆ ಮುಂದೆ ಕೂತು ಕಾಲಿಗೆ ಹರಳೆಣ್ಣೆ ತಿಕ್ಕುತ್ತಿದ್ದಳು. ಉಂಗುರದ ಬೆರಳು ಊದಿ ಕಪ್ಪಾಗಿತ್ತು. ನೋಡಿದೆ. ನೋಡಿ, ಸೌದೆ ಒಲೆಯೊಳಗೆ ತಳ್ಳಿದೆ.

ಒಂದು ಸಂಜೆ ನಲ್ಲಿಯ ಹತ್ತಿರ ಕೊಡ ಇಟ್ಟುಕೊಂಡು ನಿಂತಿದ್ದಾಗ ಪಕ್ಕದ ಮನೆಯ ಕೆಂಚಮ್ಮ ಎಲ್ಲರಿಗೂ ಕೇಳುವಂತೆ, "ಏನವ್ವ, ನಿನ್ ಸೊಸೆ ಶ್ರೀರಾಂಪುರದಾಗೆ ಬರೀ ಬೆರಳಲ್ಲಿ ತಿರುಗ್ತಾಳಲ್ಲ? ಕಾಲುಂಗುರ ಎಲ್ಲಿ?" ಅಂದಳು. ಅಷ್ಟರಲ್ಲೇ ರತ್ನ ಗಾಡಿಯಲ್ಲಿ ಬಂದು ನಿಂತಳು. ಎಲ್ಲರ ಕಣ್ಣೂ ಅವಳ ಕಾಲಿಗೆ. ಬೆರಳು ಬೋಳಾಗಿದ್ದವು.

"ಗೇರ್ ಎತ್ತುವಾಗ ಕೊಯ್ತಾ ಇತ್ತತ್ತೆ, ಬಿಚ್ಚಿ ಚೀಲದಾಗೆ ಇಟ್ಕಂಡಿದೀನಿ. ಮನಿಗೆ ಹೋಗಿ ಹಾಕ್ಕಳ್ತೀನಿ."

ಗಂಡ ಸತ್ತರೆ ಮಾತ್ರ ನಮ್ಮಲ್ಲಿ ಕಾಲುಂಗುರ ತೆಗೆಯುವುದು. ಅವಳು ಯಾಕೆ ತೆಗೆದಳು ಎಂದು ಅಲ್ಲಿದ್ದವರಲ್ಲಿ ನನಗೊಬ್ಬಳಿಗೇ ಪೂರಾ ಗೊತ್ತಿತ್ತು. ಗೊತ್ತಿದ್ದೂ ಕೂಗಿದೆ.

"ಗಂಡ ಬದುಕಿರುವಾಗ್ಲೇ ಬಿಚ್ಚಿದ್ಯಲ್ಲೇ, ಅವನು ಸಾಯ್ಲಿ ಅಂತ ಕಾಯ್ತಿದೀಯಾ?"

ನಲ್ಲಿಯ ನೀರು ಕೊಡ ತುಂಬಿ ಹರಿಯುತ್ತಿತ್ತು, ಯಾರೂ ನಿಲ್ಲಿಸಲಿಲ್ಲ. ಅವಳು ಅಲ್ಲೇ ಕೂತು, ಊದಿದ ಬೆರಳಿಗೆ ಉಂಗುರ ತುರುಕಿಕೊಂಡಳು. ರಕ್ತ ಬಂತು.

ಆ ವಾರವೇ ಫೋನು ಬಂತು. ಹೊಳಲ್ಕೆರೆ ಆಚೆ ರಸ್ತೆ ದಾಟುತ್ತಿದ್ದ ಕುರಿಗಳಿಗೆ ಲಾರಿ ನುಗ್ಗಿತ್ತು. ತಿಪ್ಪೇಶನ ಕಾಲು ಚಕ್ರದ ಅಡಿ ಸಿಕ್ಕಿತ್ತು. ದುರ್ಗದ ಆಸ್ಪತ್ರೆಯಲ್ಲಿ ಕಾಲಿಗೆ ರಾಡು ಹಾಕಿದರು. ಬದುಕಿದ. ಈಗಲೂ ಎಳೆದುಕೊಂಡು ನಡೆಯುತ್ತಾನೆ, ಕುರಿ ಹಿಂದೆ ಹೋಗುವುದು ಮುಗಿಯಿತು. ಕಾಲುಂಗುರ ಬಿಚ್ಚಿದ್ದಕ್ಕೇ ಹೀಗಾಯಿತು ಎಂದು ಇಡೀ ಹಟ್ಟಿ ಅಂದಿತು. ನನ್ನ ಮಾತು ನಿಜವಾಯಿತು ಎಂದೂ ಅಂದಿತು.

ಆಸ್ಪತ್ರೆಯಲ್ಲಿ, ಅವನನ್ನು ಒಳಗೆ ಕರೆದುಕೊಂಡು ಹೋದ ಮೇಲೆ, ರತ್ನ ಬಂದು ನನ್ನ ಕಾಲು ಹಿಡಿದಳು. "ನಾನೇ ಮಾಡ್ದೆ ಅತ್ತೆ, ನಾನೇ ಮಾಡ್ದೆ." ಆಗ ಬಾಯಿ ಬಿಡಬೇಕಿತ್ತು. ಬಿಟ್ಟೆ. ಬಿಟ್ಟು ಏನು ಹೇಳಿದೆ — "ಏಳು, ಆಗಿದ್ದಾಯ್ತು" ಅಂದೆ. ದೊಡ್ಡ ಮನಸ್ಸಿನವಳ ಹಾಗೆ ಅವಳನ್ನು ಕ್ಷಮಿಸಿದೆ. ಗೇರು ಕೊಯ್ಸಿದ್ದಕ್ಕಿಂತ, ನಲ್ಲಿಯ ಹತ್ತಿರ ಕೂಗಿದ್ದಕ್ಕಿಂತ ಇದು ಕೆಟ್ಟದ್ದು.

ಆಮೇಲೆ ಅವಳು ಗಾಡಿ ಮುಟ್ಟಲಿಲ್ಲ. ಯಾರಾದರೂ ಮನೆಗೆ ಬಂದರೆ ಕಾಲನ್ನು ಸೀರೆಯೊಳಗೆ ಎಳೆದುಕೊಂಡು ಕೂರುತ್ತಾಳೆ. ಬಾಷಾ ಒಂದು ಸಲ ಬಂದಿದ್ದ. "ಅವ್ವ, ನೀವೇ ಹೇಳ್ಬಿಡ್ರಿ, ನಾನ್ ಹೇಳಾದು ಚೆಂದ ಅಲ್ಲ" ಎಂದು ತಲೆ ತಗ್ಗಿಸಿ ಹೋದ. ಇವತ್ತಿಗೂ ಸಂತೆಯಲ್ಲಿ ಅವನು ರತ್ನಳ ಜೊತೆ ನಿಂತು ಮಾತಾಡಿದರೆ ನಾನು ಹತ್ತಿರ ಸರಿದು ಕಿವಿಗೊಡುತ್ತೇನೆ. ಅವನು ಕೇಳುವುದು, "ತಿಪ್ಪೇಶಣ್ಣ ಹೆಂಗವ್ನೆ?" ಅಷ್ಟೇ.

ಈಗ ಮೊಮ್ಮಗಳು ಚೈತ್ರಳಿಗೆ ಹೊಸದುರ್ಗದ ಅಂಗಡಿಯೊಂದರಲ್ಲಿ ಕೆಲಸ ಸಿಕ್ಕಿದೆ. ಗಾಡಿಯಲ್ಲಿ ಹೋಗಿಬರುತ್ತೇನೆ ಎಂದಳು. ರತ್ನ ಒಪ್ಪಲಿಲ್ಲ.

"ನನ್ ಕಾಲಿಂದ ನಿಮ್ಮಪ್ಪಂಗೆ ಆಗಿದ್ದು ಸಾಲ್ದಾ? ಕೆಲ್ಸ ಹೋದ್ರೆ ಹೋಗ್ಲಿ."

"ಅದ್ಕೂ ಇದ್ಕೂ ಏನಮ್ಮ ಸಂಬಂಧ? ಅಜ್ಜೀ, ನೀನಾದ್ರೂ ಹೇಳು!"

"ಅಜ್ಜಿ ಆವತ್ತೇ ಹೇಳಿದ್ಲು. ನಾನ್ ಕೇಳ್ಲಿಲ್ಲ," ಅಂದಳು ರತ್ನ.

ನನ್ನ ತಟ್ಟೆಯಲ್ಲಿ ಮುದ್ದೆ ಹಾಗೇ ಉಳಿಯಿತು.

ಮೊದಲು ಮಗನಿಗೆ ಹೇಳಿದೆ. ಅವನು ಮಂಡಿ ತಿಕ್ಕಿಕೊಳ್ಳುತ್ತಾ ಪೂರಾ ಕೇಳಿದ. ಆಮೇಲೆ, "ಈಗ್ಯಾಕವ್ವ? ಮನೆ ನೆಟ್ಟಗೈತೆ. ಸುಮ್ನಿರು," ಅಂದ. ಸುಮ್ಮನಿರುವುದು ನನಗೆ ಕಷ್ಟವಲ್ಲ, ಇಷ್ಟು ವರ್ಷ ಅದನ್ನೇ ಮಾಡಿದ್ದೇನೆ. ಮನೆ ನೆಟ್ಟಗಿರುವುದು ಅವಳು ಬಗ್ಗಿರುವುದರಿಂದ. ಲಾರಿ ನನ್ನ ಕೈಯಲ್ಲಿರಲಿಲ್ಲ. ಅವಳ ತಲೆಗೆ ಈ ಭಾರ ಹೊರಿಸಿದ್ದು ನಾನು, ಇಳಿಸಬೇಕಾದವಳೂ ನಾನೇ.

ಭಯ ಇದೆ. ತಮ್ಮನಿಗೆ ಸುದ್ದಿ ಹೋಗುತ್ತದೆ, ತವರಿನ ಬಾಗಿಲು ಮುಚ್ಚುತ್ತದೆ. ರತ್ನ ಬೈಯಬಹುದು, ಮನೆ ಬಿಟ್ಟು ಹೋಗಬಹುದು. ಏನೂ ಅನ್ನದೆ ಎದ್ದು ನನಗೆ ಊಟ ಬಡಿಸಿಬಿಟ್ಟರೆ — ಅದನ್ನು ನೆನೆದರೆ ಹೆಚ್ಚು ಭಯ.

ಇವತ್ತು ಚೈತ್ರ ಮನೆಯಲ್ಲೇ ಇದ್ದಾಳೆ, ಅವಳೂ ಕೇಳಲಿ. ನಿಂತುಕೊಂಡೇ ಹೇಳುತ್ತೇನೆ, ಕಂಬ ಹಿಡಿದುಕೊಂಡಾದರೂ ಸರಿ. ಕಾಲು ಹಿಡಿಯಲು ಹೋಗುವುದಿಲ್ಲ. ಹಿಡಿದರೆ ಅವಳು "ಏಳತ್ತೆ" ಅಂದುಬಿಡುತ್ತಾಳೆ.