ದೀಪ ಊದದ ಮನೆಯಲ್ಲಿ ಬತ್ತಿ ಪರೀಕ್ಷೆ

ನಾಗಲಕ್ಷ್ಮಮ್ಮನ ಮನೆಯಲ್ಲಿ ಉರಿಯುವ ದೀಪವನ್ನು ಯಾರೂ ಊದುವ ಹಾಗಿಲ್ಲ. ಚನ್ನಪಟ್ಟಣದ ಆ ಬೀದಿಗೆಲ್ಲ ಗೊತ್ತಿರುವ ಸಂಗತಿ ಇದು. ದೀಪ ಎಂದರೆ ಲಕ್ಷ್ಮಿ, ಬಾಯಿಯ ಗಾಳಿ ಎಂದರೆ ಎಂಜಲು, ಮುಗಿಯಿತು, ಅದರ ಮೇಲೆ ಮಾತಿಲ್ಲ. ಊದುವುದಿರಲಿ, ನಡುವೆ ನಿಲ್ಲಿಸುವುದೇ ತಪ್ಪು. ಎಣ್ಣೆ ಇರುವ ತನಕ ಉರಿದು ತಾನಾಗಿ ಶಾಂತವಾಗಬೇಕು. ಮೊಮ್ಮಗಳು ಅಮೂಲ್ಯಳ ಹುಟ್ಟುಹಬ್ಬಕ್ಕೆ ಕೇಕ್ ತಂದ ವರ್ಷದ ಕಥೆಯನ್ನಂತೂ ಕೇಳಲೇಬೇಡಿ. ಹುಡುಗಿ ಕೆನ್ನೆ ಉಬ್ಬಿಸಿಕೊಂಡು ಬಗ್ಗಿದ್ದೇ ತಡ, ಅಜ್ಜಿ ಅವಳ ಬಾಯಿಗೆ ಕೈ ಅಡ್ಡ ಹಿಡಿದರು. ಕ್ಯಾಂಡಲ್‌ಗಳು ಕರಗಿ ಕ್ರೀಮಿಗೆ ಇಳಿಯುವವರೆಗೂ ಬೀದಿಯ ಮಕ್ಕಳೆಲ್ಲ ಜೊಲ್ಲು ನುಂಗುತ್ತ ನಿಂತಿದ್ದರು. ಮೇಣ ಕೆರೆದು ಹಾಕಿ ಕೇಕ್ ತಿಂದ ಮನೆ ಇಡೀ ಊರಿಗೆ ಇದೊಂದೇ ಇರಬೇಕು.

ಹೆಂಗಸು ಗಟ್ಟಿ, ಅದರಲ್ಲಿ ಅನುಮಾನ ಬೇಡ. ಸಾವನದುರ್ಗದ ಬುಡದ ಹಳ್ಳಿಯಲ್ಲಿ ಹುಟ್ಟಿ, ಬೊಂಬೆ ಕಡೆಯುವ ಅಂಕಯ್ಯನನ್ನು ಮದುವೆಯಾಗಿ ಇಲ್ಲಿಗೆ ಬಂದವರು. ಅಂಕಯ್ಯ ತೀರಿಕೊಂಡ ಮೇಲೆ ಮಗ ಪ್ರಕಾಶ್ ಅದೇ ಕೆಲಸ ಹಿಡಿದ. ನಾಗಲಕ್ಷ್ಮಮ್ಮನ ಕೈ ಮಾತ್ರ ಯಾವಾಗಲೂ ಹತ್ತಿಯಲ್ಲೇ. ಟೀವಿ ನೋಡುವಾಗಲೂ ಬತ್ತಿ ಹೊಸೆಯುತ್ತಾರೆ, ಪಕ್ಕದ ಮನೆಯವರ ಜೊತೆ ಜಗಳ ಆಡುವಾಗಲೂ ಹೊಸೆಯುತ್ತಾರೆ. ಜಗಳದ ದಿನ ಬತ್ತಿಗಳು ಒಸಿ ಬಿಗಿಯಾಗಿರುತ್ತವೆ, ಅಷ್ಟೇ ವ್ಯತ್ಯಾಸ.

ಪ್ರಕಾಶನ ಹೆಂಡತಿ ಮಮತಾ ಬಿಡದಿ ಕಡೆಯ ಒಂದು ಗಾರ್ಮೆಂಟ್ಸ್‌ಗೆ ಹೋಗುತ್ತಿದ್ದಳು. ಬೆಳಕು ಹರಿಯುವ ಮುಂಚೆ ಬಸ್ಸು, ಕತ್ತಲಾದ ಮೇಲೆ ಮನೆ. ಕತ್ತು ನೋವು ಅತಿಯಾಗಿ ಅದನ್ನು ಬಿಟ್ಟವಳು ಮನೆಯಲ್ಲೇ ತೆಂಗಿನ ಮೇಣದ ಕ್ಯಾಂಡಲ್ ಮಾಡಲು ಕೂತಳು. ಮೇಣ ಕರಗಿಸಿ ಗಾಜಿನ ಲೋಟಕ್ಕೆ ಹುಯ್ಯುವುದು, ಮೇಲಕ್ಕೆ ಪ್ರಕಾಶ್ ಕಡೆದುಕೊಟ್ಟ, ಅರಗಿನ ಬಣ್ಣ ಹಾಕಿದ ಮರದ ಮುಚ್ಚಳ. ಮೊದಮೊದಲು ಮೂಗು ಮುರಿದ ನಾಗಲಕ್ಷ್ಮಮ್ಮ ಬತ್ತಿಯ ಮಾತು ಬಂದಾಗ ಸುಮ್ಮನಿರಲಾರದೆ ಹೋದರು. ತೆಳ್ಳಗಿನದು, ನಡುವಿನದು, ದಪ್ಪನೆಯದು ಮೂರನ್ನೂ ಹಚ್ಚಿ ನೋಡಿದರು. ದಪ್ಪ ಬತ್ತಿ ಮಸಿ ಕಾರಿತು, ನಡುವಿನದು ಒಸಿ ಜೋರಾಗಿ ಉರಿದು ಬೇಗ ಮುಗಿಯಿತು. ತೆಳು ಬತ್ತಿ ಮಾತ್ರ ಒಂದೇ ಸಮನೆ ಉರಿಯುತ್ತ, ಲೋಟ ಕಾಯುತ್ತ ಕಾಯುತ್ತ ಅಂಚಿನ ಮೇಣವನ್ನೂ ಕರಗಿಸಿಕೊಂಡು ತಳ ಮುಟ್ಟಿತು.

"ಇದೇ ಕಣ್ ಮಗ, ದೇವ್ರ ದೀಪ ಇದ್ದಂಗೈತೆ" ಎಂದು ತೀರ್ಪು ಕೊಟ್ಟವರು ಅವರೇ.

ಆ ದಿನಗಳು ನಾಗಲಕ್ಷ್ಮಮ್ಮನಿಗೆ ಹಬ್ಬದ ಹಾಗಿದ್ದವು. ಮಧ್ಯಾಹ್ನ ಇಬ್ಬರೂ ಎದುರುಬದುರು ಕೂತು ಮುದ್ದೆ ಉಣ್ಣುವುದು, ಸುಮ್ಮಸುಮ್ಮನೆ ಸೊಸೆಯನ್ನು ಗದರುವುದು, ಗದರಿದ್ದಕ್ಕೆ ಅವಳು ನಗುವುದು. ಈ ವಯಸ್ಸಿನಲ್ಲಿ ಇಂಥ ಸುಖ ಸಿಕ್ಕೀತೆಂದು ಅವರು ಅಂದುಕೊಂಡೇ ಇರಲಿಲ್ಲ.

ಹೆದ್ದಾರಿ ಪಕ್ಕ ಬೊಂಬೆ ಅಂಗಡಿ ಇಟ್ಟುಕೊಂಡಿರುವ ಬಾಬಾಜಾನ್ ಮೊದಲ ಕಂತಿನ ಕ್ಯಾಂಡಲ್ ಒಯ್ದಿದ್ದ. ಒಂದು ದಿನ ಸ್ಕೂಟರಿನಲ್ಲಿ ಡಬ್ಬ ಇಟ್ಟುಕೊಂಡು ವಾಪಸ್ ಬಂದ.

"ಬೇಜಾರ್ ಮಾಡ್ಕೋಬ್ಯಾಡಿ ಅಮ್ಮ. ಗಿರಾಕಿಗಳು ತಂದ್ ಕೊಟ್ಬುಟ್ರು."

ಡಬ್ಬದೊಳಗೆ ನೋಡಿದರೆ ಒಂದೊಂದು ಲೋಟದ ನಡುವೆಯೂ ಇಲಿ ಬಿಲದಂಥ ಗುಂಡಿ. ಸುತ್ತಲ ಮೇಣ ಗೋಡೆಯಂತೆ ಹಾಗೇ ನಿಂತಿದೆ, ಬತ್ತಿ ತನ್ನ ಸುತ್ತ ಕರಗಿದ ಮೇಣದಲ್ಲೇ ಮುಳುಗಿಹೋಗಿದೆ.

"ನಮ್ಮನೇಲಿ ತಳದಗಂಟ ಉರೀತಲ್ಲಪ್ಪ!"

"ನಿಮ್ಮನೇಲಿ ಹಚ್ಚಿದ್ರೆ ಪೂರ್ತಿ ಉರಿಸ್ತೀರ. ಅವ್ರು ಒಸಿ ಹೊತ್ತು ಹಚ್ತಾರೆ, ಊದ್ತಾರೆ, ನಾಳೀಕೆ ತಿರ್ಗಾ ಹಚ್ತಾರೆ. ಎರಡ್ನೇ ಸಲಕ್ಕೇ ಬತ್ತಿ ಮುಳುಗೋಯ್ತದೆ."

"ಉರಿಯೋ ದೀಪಾನ ಊದ್ತಾರಾ? ಅಂತೋರಿಗೆ ದೀಪ ಯಾಕಪ್ಪ ಬೇಕು?"

ಬಾಬಾಜಾನ್ ನಕ್ಕ. ಆದರೆ ಹೇಳಬೇಕಾದ್ದನ್ನು ಹೇಳಿಯೇ ಹೋದ: ಈ ವಾರದೊಳಗೆ ಸರಿಯಾದ ಮಾಲು ಸಿಕ್ಕರೆ ದೀಪಾವಳಿಗೆ ಇವರದ್ದೇ, ಇಲ್ಲವಾದರೆ ಬೆಂಗಳೂರಿನಿಂದ ತರಿಸುತ್ತಾನೆ.

ಮಮತಾ ಲೋಟಗಳನ್ನು ಒಂದೊಂದಾಗಿ ಎತ್ತಿಟ್ಟಳು. "ಇದು ಕೈ ಹತ್ತಲ್ಲ ಅತ್ತೆ. ಸೂಪರ್‌ವೈಸರ್ ಮೇಡಂಗೆ ಫೋನ್ ಮಾಡ್ತೀನಿ. ಸೋಮವಾರದಿಂದ ಬಸ್ಸಿಗೆ ಹೋಯ್ತೀನಿ."

ನಾಗಲಕ್ಷ್ಮಮ್ಮ ಹೊಸೆಯುತ್ತಿದ್ದ ಬತ್ತಿ ಕೆಳಗಿಟ್ಟರು. "ಇನ್ನೊಂದ್ ಕಿತ ಬತ್ತಿ ನೋಡವ್ವ."

"ಹೆಂಗ್ ನೋಡ್ಲಿ? ನಡೂವೆ ಆರಿಸಿ, ಮಾರನೇ ದಿನ ಹಚ್ಚಿದ್ರೆ ತಾನೇ ಗೊತ್ತಾಗೋದು? ಈ ಮನೇಲಿ ಅದಾಗಲ್ವಲ್ಲ."

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ, ಅದೇ ಅತ್ತೆಗೆ ಚುಚ್ಚಿದ್ದು.

ಮರುದಿನ ಊಟವಾದ ಮೇಲೆ ನಾಗಲಕ್ಷ್ಮಮ್ಮ ತಾವಾಗಿಯೇ ಮೂರು ಹೊಸ ಲೋಟ ಹಚ್ಚಿಸಿದರು. ಗುರುತಿಗೆ ಕುಂಕುಮದ ಬೊಟ್ಟು: ತೆಳು ಬತ್ತಿಗೆ ಒಂದು, ನಡುವಿನದಕ್ಕೆ ಎರಡು, ದಪ್ಪದ್ದಕ್ಕೆ ಮೂರು. ಸ್ವಲ್ಪ ಹೊತ್ತು ಉರಿದ ಮೇಲೆ ಸೆರಗು ಕೊಡವಿಕೊಂಡು ಎದ್ದರು.

"ನಾನು ಎದುರ್ಮನೆ ಸರಸಮ್ಮನ ತಾವ ಹೋಗ್ಬತ್ತೀನಿ. ಬರೋದ್ರೊಳಗೆ ಏನ್ ಮಾಡ್ಕೊತೀಯೋ ಮಾಡ್ಕೊ. ನಾನ್ ನೋಡಿಲ್ಲ, ನಂಗೊತ್ತಿಲ್ಲ."

ಸರಸಮ್ಮನ ಮನೆಯಲ್ಲಿ ಕಾಫಿ ಆರಿ ಕೆನೆ ಕಟ್ಟಿತು. ಸೊಸೆಯ ಮೇಲೆ ಚಾಡಿ ಹೇಳಲು ಸರಸಮ್ಮ ಎಷ್ಟೇ ಎಳೆದರೂ ಇವರು ಸೊಪ್ಪು ಹಾಕಲಿಲ್ಲ. ಕಣ್ಣೆಲ್ಲ ತಮ್ಮ ಮನೆಯ ಬಾಗಿಲ ಮೇಲೇ. ಇನ್ನು ಕೂರಲಾಗದೆ ಎದ್ದು ಬಂದರೆ ಮೂರೂ ದೀಪ ಜಗಮಗ ಉರಿಯುತ್ತಿವೆ. ಮಮತಾ ಅವುಗಳ ಮುಂದೆ ಕೈಕಟ್ಟಿ ಕೂತಿದ್ದಾಳೆ, ಕಣ್ಣು ಕೆಂಪಗಾಗಿದೆ.

"ಯಾಕವ್ವ, ಇನ್ನೂವೆ..." ಎನ್ನುತ್ತ ನಾಗಲಕ್ಷ್ಮಮ್ಮ ಹತ್ತಿರ ಬಂದರು.

"ಆಗ್ಲಿಲ್ಲ ಅತ್ತೆ. ಬಾಯಿ ಹತ್ರ ತಗೊಂಡ್ ಹೋದೆ, ಮನಸ್ಸೇ ಬರ್ಲಿಲ್ಲ. ನೀವ್ ಇಲ್ದಿದ್ರೂ ಇಲ್ಲೇ ಕೂತಂಗಾಯ್ತು."

ನಾಗಲಕ್ಷ್ಮಮ್ಮ ಸೊಸೆಯನ್ನೇ ನೋಡಿದರು. ಇಷ್ಟು ವರ್ಷ ಈ ಹುಡುಗಿ ತಮಗೆ ಹೆದರಿ ನಡೆಯುತ್ತಿದ್ದಾಳೆ ಎಂದುಕೊಂಡಿದ್ದರು. ಹೆದರಿಕೆಯಲ್ಲ ಅದು. ಅತ್ತೆಯ ಮಾತನ್ನು ಅವಳು ತನ್ನದೇ ಮಾಡಿಕೊಂಡು ಕೂತಿದ್ದಾಳೆ, ಅದಕ್ಕಾಗಿ ಸೋಮವಾರ ಮತ್ತೆ ಕತ್ತು ನೋಯಿಸಿಕೊಳ್ಳಲು ಹೊರಟಿದ್ದಾಳೆ. ಅಯ್ಯೋ ನನ್ನವ್ವ, ಎಂದುಕೊಂಡರು. ಮಂಡಿ ಹಿಡಿದುಕೊಂಡು ನೆಲಕ್ಕೆ ಕೂತು, ಪಕ್ಕದಲ್ಲಿದ್ದ ಮರದ ಮುಚ್ಚಳ ಕೈಗೆತ್ತಿಕೊಂಡರು.

"ಊದೋದ್ ಬ್ಯಾಡ. ಮನೆಗ್ ಬಂದ ಹೆಣ್ಮಗಳನ್ನ ಹೊರಡು ಅಂತೀವಾ? ಹೋಗ್ಬಾ ಅಂತೀವಿ. ಹಂಗೇ ಅನ್ನಾನ."

ಮಲಗಿದ ಮಗುವಿಗೆ ದುಪ್ಪಟಿ ಹೊದಿಸುವ ಹಾಗೆ ಮೊದಲ ಲೋಟದ ಮೇಲೆ ಮುಚ್ಚಳ ಇಳಿಸಿದರು. ಗಾಳಿಯಿಲ್ಲದೆ ಉರಿ ತಾನಾಗಿ ಶಾಂತವಾಯಿತು. "ಹೋಗ್ಬಾ ತಾಯಿ." ಎರಡನೆಯದಕ್ಕೂ ಹೇಳಿದರು, ಮೂರನೆಯದಕ್ಕೂ ಹೇಳಿದರು. ಆಮೇಲೆ ಸೆರಗಿನಿಂದ ಕಣ್ಣೊರೆಸಿಕೊಂಡು "ಹಾಳಾದ್ ಹೊಗೆ" ಎಂದರು. ಮುಚ್ಚಳ ಮುಚ್ಚಿದ ಮೇಲೆ ಹೊಗೆ ಎಲ್ಲಿಂದ ಬರಬೇಕು? ಮಮತಾ ಎದ್ದು ಹೋಗಿ ಕಿಟಕಿ ತೆರೆದಳು.

ಬೆಳಿಗ್ಗೆ ಸ್ನಾನ ಮುಗಿಸಿ, ಬತ್ತಿಯ ಕರಿ ತುದಿ ಕತ್ತರಿಸಿ ಮತ್ತೆ ಹಚ್ಚಿದರು. ಒಂದು ಬೊಟ್ಟಿನದು ಕುಗ್ಗಿ ಕುಗ್ಗಿ ಮೇಣದಲ್ಲಿ ಮುಳುಗಿತು. ಮೂರು ಬೊಟ್ಟಿನದು ಮೊದಲಿನಂತೆಯೇ ಮಸಿ ಕಾರಿತು. ಎರಡು ಬೊಟ್ಟಿನದು ಚಟಪಟ ಅಂದು ಗುಲಗಂಜಿಯಷ್ಟಾಯಿತು. ಇದೂ ಹೋಯಿತಲ್ಲಪ್ಪ ಎಂದು ಇಬ್ಬರೂ ಉಸಿರು ಹಿಡಿದು ಕೂತರು. ಅಷ್ಟರಲ್ಲಿ ಅದು ತಲೆ ಎತ್ತಿತು, ನೆಟ್ಟಗೆ ನಿಂತಿತು, ನೋಡುನೋಡುತ್ತ ಮೇಣ ಅಂಚಿನವರೆಗೂ ತಿಳಿಯಾಗಿ ಕರಗಿತು.

"ಬಂದ್ಲು! ಬಂದ್ಲು ಕಣ್ ಮಗ!" ನಾಗಲಕ್ಷ್ಮಮ್ಮ ಕೂಗಿದ್ದು ಬೀದಿ ತುದಿಗೆ ಕೇಳಿಸಿತು.

ಬಾಬಾಜಾನ್‌ಗೆ ಫೋನ್ ಮಾಡಲು ಎದ್ದ ಮಮತಾ ಬಾಗಿಲಲ್ಲಿ ನಿಂತು ತುಂಟತನದಿಂದ ಕೇಳಿದಳು: "ಸೋಮವಾರ ಬಸ್ಸು ಹತ್ತಿದ್ರೆ ನಂಗೂ ಹಿಂಗೇ ಹೋಗ್ಬಾ ಅಂತಿದ್ರಾ ಅತ್ತೆ?"

"ನಿಂಗ್ಯಾಕನ್ಲಿ?" ನಾಗಲಕ್ಷ್ಮಮ್ಮ ಗದರಿದರು. ಗದರುತ್ತಲೇ ದನಿ ಒಡೆಯಿತು. "ದೀಪ ಬೇಕಾದ್ರೆ ಹೋಗಿ ಬರ್ಲಿ. ನೀನ್ ಎಲ್ಲಿಗೂ ಹೋಗ್ಬ್ಯಾಡ ಕಣವ್ವ. ನೀನಿಲ್ದಿದ್ರೆ ನಂಗ್ ಅನ್ನ ಇಳಿಯಾಕಿಲ್ಲ."

ಮಮತಾ ಫೋನನ್ನು ಅಲ್ಲೇ ಇಟ್ಟು ಬಂದು ಅತ್ತೆಯ ಪಕ್ಕದಲ್ಲಿ ಕೂತಳು.